ಹದಿಹರೆಯದವರಿಗೆ ಗಾಜಿನ ಕೆತ್ತನೆ: ಕ್ರೀಮ್ ಬದಿಗಿಡಿ, ವಜ್ರದ ಮೊನೆ ಕೈಗೆ ಕೊಡಿ

ಗಾಜಿನ ಮೇಲೆ ಚಿತ್ರ ಮೂಡಿಸುವುದನ್ನು ಮಕ್ಕಳಿಗೆ ಹೇಳಿಕೊಡಬೇಕೆಂದು ವಿವರ ಹುಡುಕಿದರೆ ಮೊದಲು ಸಿಗುವುದು ಎಚ್ಚಿಂಗ್ ಕ್ರೀಮ್. ಸ್ಟಿಕರ್ ಅಂಟಿಸು, ಕ್ರೀಮ್ ಬಳಿ, ಸ್ವಲ್ಪ ಹೊತ್ತು ಬಿಟ್ಟು ತೊಳೆ. ಮಂಜು ಕವಿದಂಥ ಬಿಳಿ ಚಿತ್ರ ಸಿದ್ಧ. ಕೆಲಸ ಸುಲಭ, ಫಲವೂ ಬೇಗ. ಆದರೂ ಹದಿನೆಂಟು ತುಂಬದವರ ಕೈಗೆ ಆ ಕ್ರೀಮ್ ಕೊಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರಣ ಎರಡು. ಒಂದು, ಅದರೊಳಗಿನ ರಾಸಾಯನಿಕ. ಎರಡು, ಕ್ರೀಮ್ ಬಳಿದವರು ಕಲಿಯುವುದು ಸ್ಟಿಕರ್ ಅಂಟಿಸುವುದನ್ನು ಮಾತ್ರ. ಕೈಯಲ್ಲಿ ವಜ್ರದ ಮೊನೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೆತ್ತಿದವರು ಬೆಳಕು ನೆರಳನ್ನು ನೋಡುವುದನ್ನೇ ಕಲಿಯುತ್ತಾರೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಕೈಕೆತ್ತನೆಗೆ. ಕ್ರೀಮ್ ಬಗ್ಗೆ ಕೊನೆಯಲ್ಲಿ ಒಂದು ಭಾಗವಿದೆ, ಅದು ದೊಡ್ಡವರಿಗೆ.

ಕ್ರೀಮ್ ಯಾಕೆ ಬೇಡ

ಬಹುಪಾಲು ಆಮ್ಲಗಳು ಗಾಜಿಗೆ ಏನೂ ಮಾಡುವುದಿಲ್ಲ. ಅದಕ್ಕೇ ಪ್ರಯೋಗಾಲಯಗಳಲ್ಲಿ ಆಮ್ಲಗಳನ್ನು ಗಾಜಿನ ಸೀಸೆಯಲ್ಲಿ ಇಡುತ್ತಾರೆ. ಹೈಡ್ರೋಫ್ಲೋರಿಕ್ ಆಮ್ಲ ಮಾತ್ರ ಇದಕ್ಕೆ ಹೊರತು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1771ರಲ್ಲಿ ಫ್ಲೋರ್‌ಸ್ಪಾರ್ ಖನಿಜವನ್ನು ಗಂಧಕಾಮ್ಲದ ಜೊತೆ ಕಾಯಿಸಿದಾಗ ಹೊರಟ ಆಮ್ಲ, ಕಾಯಿಸುತ್ತಿದ್ದ ಗಾಜಿನ ಪಾತ್ರೆಯನ್ನೇ ತಿಂದುಹಾಕಿತ್ತು. ಗಾಜಿನ ಮುಖ್ಯ ಅಂಶ ಸಿಲಿಕಾ. ಈ ಆಮ್ಲದಲ್ಲಿರುವ ಫ್ಲೋರಿನ್ ಅದನ್ನು ಕರಗಿಸಿಬಿಡುತ್ತದೆ. ಇಂದಿನ ಎಚ್ಚಿಂಗ್ ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೋನಿಯಂ ಬೈಫ್ಲೋರೈಡ್ ಅಥವಾ ಸೋಡಿಯಂ ಬೈಫ್ಲೋರೈಡ್. ಹೆಸರು ಬೇರೆಯಾದರೂ ಇವು ಮಾಡುವ ಕೆಲಸ ಅದೇ.

ಮಾಮೂಲಿ ಆಮ್ಲ ತಾಗಿದರೆ ಕೂಡಲೇ ಉರಿಯುತ್ತದೆ, ಕೈ ತಾನಾಗಿ ನೀರಿನ ಕಡೆ ಓಡುತ್ತದೆ. ಈ ಕ್ರೀಮುಗಳ ಫ್ಲೋರೈಡ್ ಹಾಗಲ್ಲ. ಚರ್ಮದ ಮೇಲೆ ಏನೂ ಆಗದಂತೆ ಕಾಣುತ್ತಲೇ ಒಳಗಿಳಿದು, ಅಂಗಾಂಶದಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ನೋವು ಗಂಟೆಗಳ ನಂತರ ಶುರುವಾಗಬಹುದು. ಏನೂ ಆಗಿಲ್ಲವೆಂದು ಕೈ ಒರೆಸಿಕೊಂಡು ಆಟಕ್ಕೆ ಹೋಗುವ ವಯಸ್ಸಿನವರಿಗೆ ಇದಕ್ಕಿಂತ ಕೆಟ್ಟ ವಸ್ತು ಇಲ್ಲ.

ಬೇಕಾದ ಸಾಮಾನು

ಮುಖ್ಯವಾದದ್ದು ವಜ್ರದ ಮೊನೆಯ ಪೆನ್ನು, ಅಂದರೆ ಡೈಮಂಡ್ ಸ್ಕ್ರೈಬರ್. ಪೆನ್ನಿನಂಥ ಹಿಡಿಯ ತುದಿಯಲ್ಲಿ ಸಣ್ಣ ವಜ್ರದ ಚೂರು ಕೂರಿಸಿರುತ್ತಾರೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಮಾಮೂಲಿ ಗಾಜು ಸುಮಾರು 5.5, ವಜ್ರ 10. ಟಂಗ್‌ಸ್ಟನ್ ಕಾರ್ಬೈಡ್ ಮೊನೆಯದ್ದೂ ಸಿಗುತ್ತದೆ. ಗೆರೆ ಎಳೆಯಲು ಅದು ಸಾಕು, ಆದರೆ ಬೇಗ ಮೊಂಡಾಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಪೆನ್ನು ಇರಲಿ. ಒಂದೇ ಪೆನ್ನಿಗೆ ಮೂವರು ಕಾದು ಕೂತರೆ ಇಬ್ಬರ ಗಮನ ಬೇರೆ ಕಡೆ ಹೋಗುತ್ತದೆ, ಗಾಜು ಒಡೆಯುವುದು ಆಗಲೇ.

ಉಳಿದದ್ದು: ಪಕ್ಕದಿಂದಲೂ ಮುಚ್ಚುವ ರಕ್ಷಣಾ ಕನ್ನಡಕ, ಧೂಳು ತಡೆಯುವ ಮಾಸ್ಕ್, ಕಪ್ಪು ಬಟ್ಟೆ, ಒದ್ದೆ ಬಟ್ಟೆ, ಒಣ ಬಟ್ಟೆ, ಟೇಪು, ತೆಳು ಕಾಗದ, 220 ಮತ್ತು 400 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಕಪ್ಪು ಉಪ್ಪುಕಾಗದ), ಒಡೆದ ಚೂರು ಹಾಕಲು ಮುಚ್ಚಳವಿರುವ ಗಟ್ಟಿ ಡಬ್ಬಿ. ಮೇಜಿಗೆ ದೀಪದ ಬೆಳಕು ಒಂದು ಪಕ್ಕದಿಂದ ಬೀಳಬೇಕು. ನೆತ್ತಿಯ ಮೇಲಿನ ಬೆಳಕಿನಲ್ಲಿ ಗೀರು ಕಾಣುವುದೇ ಇಲ್ಲ.

ವಯಸ್ಸಿನ ಮಾತು. ಕೈ ಪೆನ್ನನ್ನು ಹನ್ನೆರಡು ದಾಟಿದವರಿಗೆ ಕೊಡಬಹುದು, ಪಕ್ಕದಲ್ಲಿ ಒಬ್ಬ ದೊಡ್ಡವರು ಇರಬೇಕು. ಅದಕ್ಕಿಂತ ಚಿಕ್ಕವರಿಗೆ ಗಾಜೇ ಬೇಡ. ಪಾರದರ್ಶಕ ಅಕ್ರಿಲಿಕ್ ಹಾಳೆ ಕೊಟ್ಟರೆ ಅದೇ ಪಾಠ, ಒಡೆಯುವ ಭಯವಿಲ್ಲದೆ ನಡೆಯುತ್ತದೆ.

ಗಾಜನ್ನು ಆರಿಸುವುದು

ಸೀಸೆ, ಜಾಡಿ, ಕಿಟಕಿ, ಫೋಟೋ ಫ್ರೇಮು, ಸಾದಾ ಲೋಟ ಎಲ್ಲವೂ ಬಹುಮಟ್ಟಿಗೆ ಸೋಡಾ-ಸುಣ್ಣದ ಗಾಜು. ಅದು ಕಲಿಯುವವರಿಗೆ ಸರಿ. ಶುರುವಿಗೆ ಎಲ್ಲಕ್ಕಿಂತ ಒಳ್ಳೆಯದು 4 ಮಿಲಿಮೀಟರ್ ದಪ್ಪದ, ಅಂಗೈ ಅಗಲದ ಚಪ್ಪಟೆ ತುಂಡು. ಅಂಗಡಿಯಲ್ಲಿ ಕತ್ತರಿಸುವಾಗಲೇ ಅಂಚು ಸಾಣೆ ಹಿಡಿಸಿ ತನ್ನಿ. ಹಿಡಿಸಿಲ್ಲದಿದ್ದರೆ ಮಕ್ಕಳ ಕೈಗೆ ಕೊಡುವ ಮೊದಲು ನೀವೇ ವಾಟರ್ ಪೇಪರ್ ನೆನೆಸಿ ನಾಲ್ಕೂ ಅಂಚು ಉಜ್ಜಿಬಿಡಿ.

ಎರಡು ಬಗೆಯ ಗಾಜನ್ನು ಮೇಜಿನ ಹತ್ತಿರವೂ ಬಿಡಬೇಡಿ. ಒಂದು, ಟಫನ್ಡ್ ಗಾಜು. ಅದರ ಮೇಲ್ಪದರವನ್ನು ಬೇಕೆಂದೇ ಬಿಗಿದು ಒತ್ತಡದಲ್ಲಿ ಇಟ್ಟಿರುತ್ತಾರೆ. ಗೀರು ಆ ಪದರವನ್ನು ದಾಟಿ ಒಳಗಿಳಿದರೆ ಇಡೀ ತುಂಡು ಒಮ್ಮೆಲೇ ಪುಡಿಯಾಗುತ್ತದೆ. ಓವನ್ ಪಾತ್ರೆ, ಟೀಪಾಯಿ ಹಲಗೆ, ವಾಹನದ ಪಕ್ಕದ ಕಿಟಕಿಯ ಗಾಜು ಎಲ್ಲ ಇದೇ ಅನುಮಾನಕ್ಕೆ ಸೇರಿದವು. ಎರಡನೆಯದು, ಕ್ರಿಸ್ಟಲ್ ಎಂದು ಕರೆಯುವ ಭಾರದ, ತಟ್ಟಿದರೆ ಘಂಟೆಯಂತೆ ನಾದ ಕೊಡುವ ಸೀಸದ ಗಾಜು. ಪರಿಣತರು ಅದನ್ನೇ ಇಷ್ಟಪಡುತ್ತಾರೆ, ಏಕೆಂದರೆ ಅದು ಮೆದು, ಚುಕ್ಕಿ ಚೆನ್ನಾಗಿ ಬೀಳುತ್ತದೆ. ಆದರೆ ಅದರ ಧೂಳಿನಲ್ಲಿ ಸೀಸ ಇರುತ್ತದೆ, ಬೆಳೆಯುವ ದೇಹಕ್ಕೆ ಅದು ಬೇಡ.

ಮೊದಲ ಹಂತ: ಚಿತ್ರವನ್ನು ಗಾಜಿಗೆ ತರುವುದು

ಗಾಜನ್ನು ಸಾಬೂನು ನೀರಲ್ಲಿ ತೊಳೆದು ಒರೆಸಿ. ಚಿತ್ರವನ್ನು ಕಾಗದದ ಮೇಲೆ ದಪ್ಪ ಗೆರೆಯಲ್ಲಿ ಬಿಡಿಸಿ ಗಾಜಿನ ಹಿಂಬದಿಗೆ ಟೇಪು ಹಾಕಿ ಅಂಟಿಸಿದರೆ ಸಾಕು, ಎಲ್ಲ ಕಾಣುತ್ತದೆ. ಕಾರ್ಬನ್ ಕಾಗದದ ಹಂಗಿಲ್ಲ. ದಪ್ಪ ಗಾಜಿನಲ್ಲಿ ಒಂದು ತೊಡಕಿದೆ. ತಲೆ ಸ್ವಲ್ಪ ವಾಲಿದರೂ ಕೆಳಗಿನ ಗೆರೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಅದಕ್ಕೆ ಯಾವಾಗಲೂ ನೇರ ಮೇಲಿನಿಂದ ನೋಡಿ ಕೆತ್ತಬೇಕು.

ಜಾಡಿಯಂಥ ದುಂಡು ವಸ್ತುವಾದರೆ ಕಾಗದವನ್ನು ಒಳಗೆ ಸುತ್ತಿ, ಅದರ ಹಿಂದೆ ಬಟ್ಟೆ ಒತ್ತಿ ತುಂಬಿ. ಹೊಟ್ಟೆ ಉಬ್ಬಿದ ಜಾಡಿಗೆ ಕಾಗದದ ಅಂಚನ್ನು ಅಲ್ಲಲ್ಲಿ ಸೀಳಿದರೆ ಒಳಮೈಗೆ ಹೊಂದಿಕೊಂಡು ಕೂರುತ್ತದೆ. ಕೆತ್ತನೆ ಯಾವಾಗಲೂ ಹೊರಮೈಯಲ್ಲಿ. ಕುಡಿಯುವ ಲೋಟವಾದರೆ ತುಟಿ ತಾಗುವ ಅಂಚಿನಿಂದ ಕನಿಷ್ಠ 2 ಸೆಂಟಿಮೀಟರ್ ಕೆಳಗೆ ಶುರುಮಾಡಿ.

ಕಾಗದ ಒಮ್ಮೆ ದಾರಿ ತೋರಿಸಿದ ಮೇಲೆ, ಅಂದರೆ ಹೊರಗೆರೆ ಮುಗಿದ ಮೇಲೆ, ಅದನ್ನು ತೆಗೆದುಬಿಡಿ. ಅದರ ಜಾಗಕ್ಕೆ ಕಪ್ಪು ಬಟ್ಟೆ. ಕೆತ್ತಿದ್ದು ಕಾಣುವುದು ಕಪ್ಪಿನ ಮೇಲೆ ಮಾತ್ರ.

ಎರಡನೇ ಹಂತ: ಗೆರೆ

ಪೆನ್ನನ್ನು ಬರೆಯುವಾಗಿನಂತೆ ಹಿಡಿಯಿರಿ, ಆದರೆ ಇನ್ನಷ್ಟು ಮೊನೆಯ ಹತ್ತಿರ. ಕಿರುಬೆರಳು ಗಾಜಿನ ಮೇಲೆ ಊರಿರಲಿ. ಊರಿಲ್ಲದ ಕೈ ಜಾರುತ್ತದೆ. ಮೊದಲ ಗೆರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ಅದು ಮೊನೆಗೆ ಹಳಿ. ಅದರ ಮೇಲೆ ಮತ್ತೆ ಮತ್ತೆ ಹಗುರಾಗಿ ಹೋದರೆ ಗೆರೆ ಬೆಳ್ಳಗಾಗುತ್ತ ಬರುತ್ತದೆ. ಕಿವಿಯೂ ಇಲ್ಲಿ ಕೆಲಸ ಮಾಡುತ್ತದೆ. ಒತ್ತಡ ಸರಿಯಿದ್ದರೆ ಸಣ್ಣಗೆ ಸರ್ ಎಂಬ ಸದ್ದು. ಕಿರ್ರೆಂದು ಹಲ್ಲು ಜುಮ್ಮೆನ್ನುವಂತೆ ಕಿರುಚಿದರೆ ಒತ್ತಿದ್ದು ಜಾಸ್ತಿಯಾಗಿದೆ, ಇಲ್ಲವೇ ಪೆನ್ನು ಓರೆಯಾಗಿದೆ. ಹದಿಹರೆಯದವರು ಎಲ್ಲಕ್ಕಿಂತ ಮೊದಲು ಮಾಡುವುದು ಒಂದೇ ಏಟಿಗೆ ಆಳವಾಗಿ ಎಳೆಯಲು ಹೋಗುವುದು. ಶಕ್ತಿ ಹಾಕಬೇಡಿ ಎಂದಷ್ಟೇ ಹೇಳಿದರೆ ಕೇಳುವುದಿಲ್ಲ, ಕಾರಣ ಹೇಳಬೇಕು.

ಕಾರಣ ಇದು. ಗಾಜು ಕತ್ತರಿಸುವವರು ಅದನ್ನು ಪೂರ್ತಿ ಕೊಯ್ಯುವುದಿಲ್ಲ. ಒಂದು ನೇರ ಗೀರು ಹಾಕಿ, ಎರಡೂ ಕಡೆ ಹಿಡಿದು ಬಾಗಿಸುತ್ತಾರೆ. ಗಾಜು ಗೀರಿನ ಗುಂಟ ಬಿರಿಯುತ್ತದೆ. 1921ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಎ. ಎ. ಗ್ರಿಫಿತ್ ಪ್ರಕಟಿಸಿದ ಹೆಸರಾಂತ ಅಧ್ಯಯನವೂ ಗಾಜಿನದ್ದೇ. ಗಾಜು ಲೆಕ್ಕದ ಪ್ರಕಾರ ಇರಬೇಕಾದ್ದಕ್ಕಿಂತ ಎಷ್ಟೋ ದುರ್ಬಲವಾಗಿರುವುದು ಅದರ ಸಣ್ಣ ಸಣ್ಣ ಬಿರುಕುಗಳಿಂದ, ಗಾಜಿನ ಮೇಲೆ ಹಾಕಿದ ಬಲವೆಲ್ಲ ಆ ಬಿರುಕಿನ ತುದಿಯಲ್ಲಿ ಹೋಗಿ ಕೂರುತ್ತದೆ ಎಂದು ಅವರು ತೋರಿಸಿಕೊಟ್ಟರು. ಈ ಕಡೆಯಿಂದ ಆ ಕಡೆಗೆ ಆಳವಾಗಿ ಎಳೆದ ಒಂದು ನೇರ ಗೆರೆ ಎಂದರೆ ಗಾಜು ಒಡೆಯಲು ನಾವೇ ಹಾಕಿಕೊಟ್ಟ ದಾರಿ. ಇದನ್ನು ಕೇಳಿದ ಮೇಲೆ ಹುಡುಗರ ಕೈ ತಾನಾಗಿ ಹಗುರಾಗುತ್ತದೆ. ಕೆತ್ತಿದ ಜಾಡಿಗೆ ಕುದಿಯುವ ನೀರು ಸುರಿಯಬಾರದು ಎನ್ನುವುದಕ್ಕೂ ಇದೇ ಕಾರಣ.

ದುಂಡು ಗೆರೆಗೆ ಒಂದು ಉಪಾಯ: ಕೈಯನ್ನಲ್ಲ, ಗಾಜನ್ನು ತಿರುಗಿಸಿ. ಕನ್ನಡದಲ್ಲಿ ಹೆಸರು ಕೆತ್ತುವವರಿಗೆ ಇದು ತೀರಾ ಬೇಕು, ನಮ್ಮ ಅಕ್ಷರಗಳೆಲ್ಲ ದುಂಡು. ಒಂದೇ ಎಳೆತಕ್ಕೆ ‘ಈ’ ಬರೆಯಲು ಹೋದರೆ ಮೊನೆ ತಿರುವಿನಲ್ಲಿ ಜಾರಿ ಆಚೆ ಓಡುತ್ತದೆ. ತಿರುವನ್ನು ಕಾಲು ಸೆಂಟಿಮೀಟರ್ ತುಣುಕುಗಳಾಗಿ ಒಡೆದು, ಪ್ರತಿ ತುಣುಕಿಗೂ ಗಾಜನ್ನು ಸ್ವಲ್ಪ ಸರಿಸಿ ಎಳೆಯಿರಿ. ಕೊನೆಗೆ ಎಲ್ಲವನ್ನೂ ಕೂಡಿಸಿ ಒಮ್ಮೆ ಹಗುರಾಗಿ ಹೋದರೆ ಕೀಲು ಕಾಣುವುದಿಲ್ಲ.

ಮೂರನೇ ಹಂತ: ಚುಕ್ಕಿ

ಇಡೀ ಕಲೆಯ ಜೀವ ಇರುವುದು ಇಲ್ಲಿ. ಅವಸರ ಮಾಡಬೇಡಿ, ಒಂದು ಇಡೀ ತರಗತಿಯನ್ನೇ ಇದಕ್ಕೆ ಕೊಡಿ.

ಪೆನ್ನನ್ನು ಈಗ ನೆಟ್ಟಗೆ ನಿಲ್ಲಿಸಿ, ಒಂದು ಮಿಲಿಮೀಟರ್ ಎತ್ತಿ, ಮೆಲ್ಲಗೆ ತಟ್ಟಿ. ಟಿಕ್. ಗಾಜಿನ ಮೇಲೆ ಕಣ್ಣಿಗೆ ಕಂಡೂ ಕಾಣದ ಒಂದು ಬಿಳಿ ಚುಕ್ಕಿ. ಭೂತಗನ್ನಡಿಯಲ್ಲಿ ನೋಡಿದರೆ ಅದು ಪುಟ್ಟದೊಂದು ಗುಳಿ. ಒಡೆದ ಅದರ ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತದೆ, ಅದಕ್ಕೇ ಬಿಳಿ. ಹತ್ತಿರ ಹತ್ತಿರ ತಟ್ಟಿದಷ್ಟೂ ಆ ಜಾಗ ಬೆಳಗುತ್ತದೆ, ದೂರ ದೂರ ತಟ್ಟಿದರೆ ಬೂದು, ತಟ್ಟದೆ ಬಿಟ್ಟರೆ ಕಪ್ಪು.

ಅಭ್ಯಾಸಕ್ಕೆ ಐದು ಮನೆಗಳನ್ನು ಸಾಲಾಗಿ ಗುರುತು ಮಾಡಿ. ಮೊದಲನೆಯದು ಖಾಲಿ. ಐದನೆಯದರಲ್ಲಿ ಸಂದೇ ಇಲ್ಲದಂತೆ ಚುಕ್ಕಿ. ನಡುವಿನ ಮೂರನ್ನು ಮೆಟ್ಟಿಲು ಮೆಟ್ಟಿಲಾಗಿ ತುಂಬಿಸಲಿ. ಇದು ಸರಿ ಬಂದ ಮೇಲೆ ಒಂದು ವೃತ್ತ ಕೊಟ್ಟು, ಅದನ್ನು ಚೆಂಡಿನಂತೆ ಕಾಣಿಸಲು ಹೇಳಿ.

ತೊಡರುವುದು ಇಲ್ಲೇ. ಪೆನ್ಸಿಲಿನಲ್ಲಿ ಚಿತ್ರ ಬರೆದವರ ಕೈಗೆ ನೆರಳು ಹಾಕುವುದು ರೂಢಿ; ಚೆಂಡಿನ ಕೆಳಗೆ, ಎಲೆಯ ಮಡಿಕೆಯಲ್ಲಿ ಗೀಚುತ್ತಾರೆ. ಗಾಜಿನಲ್ಲಿ ಅದೇ ಮಾಡಿದರೆ ನೆರಳಿರಬೇಕಾದಲ್ಲಿ ಬೆಳಕು ಬಂದು ಚಿತ್ರ ಫೋಟೋದ ನೆಗೆಟಿವ್‌ನಂತೆ ಆಗುತ್ತದೆ. ಇಲ್ಲಿ ಮೊನೆ ತಾಗಿದ ಜಾಗವೆಲ್ಲ ಬೆಳಕು. ನೆರಳನ್ನು ನಾವು ಮಾಡುವುದಿಲ್ಲ, ಬಿಡುತ್ತೇವೆ. ಕೆತ್ತುವ ಮುನ್ನ ಕಪ್ಪು ಕಾಗದದ ಮೇಲೆ ಬಿಳಿ ಪೆನ್ಸಿಲಿನಲ್ಲಿ ಅದೇ ಚಿತ್ರವನ್ನು ಬರೆಸಿ. ಬೆಳಕು ಎಲ್ಲಿ ಬೀಳುತ್ತಿದೆ ಎಂದಷ್ಟೇ ಕೇಳುತ್ತ ಹೋಗಿ. ಈ ಒಂದು ಅಭ್ಯಾಸ ಮಾಡಿದ ಗುಂಪಿಗೂ ಮಾಡದ ಗುಂಪಿಗೂ ಇರುವ ವ್ಯತ್ಯಾಸ ಗಾಜಿನ ಮೇಲೆ ಎದ್ದು ಕಾಣುತ್ತದೆ.

ಈ ಚುಕ್ಕಿ ವಿದ್ಯೆಗೆ ದೊಡ್ಡ ಪರಂಪರೆಯಿದೆ. 17ನೇ ಶತಮಾನದ ನೆದರ್‌ಲ್ಯಾಂಡ್ಸ್‌ನಲ್ಲಿ ಕವಯಿತ್ರಿ ಆನಾ ರೂಮರ್ಸ್ ವಿಸ್ಸರ್ ವಜ್ರದ ಮೊನೆಯಿಂದ ಲೋಟಗಳ ಮೇಲೆ ಹೂವು, ಕೀಟ, ಬಳುಕುವ ಅಕ್ಷರಗಳನ್ನು ಕೆತ್ತಿದರು. ಮುಂದಿನ ಶತಮಾನದಲ್ಲಿ ಅಲ್ಲಿನವರೇ ಆದ ಫ್ರಾನ್ಸ್ ಗ್ರೀನ್‌ವುಡ್ ಗೆರೆಯನ್ನು ಬಿಟ್ಟು ಬರೀ ಚುಕ್ಕಿಗಳಲ್ಲೇ ಮುಖಗಳನ್ನು ಮೂಡಿಸಿದರು. 20ನೇ ಶತಮಾನದಲ್ಲಿ ಇಂಗ್ಲೆಂಡಿನ ಲಾರೆನ್ಸ್ ವಿಸ್ಲರ್ ಈ ಕಲೆಗೆ ಮರುಜೀವ ಕೊಟ್ಟರು. 1940ರ ಬಾಂಬ್ ದಾಳಿಯಲ್ಲಿ ಗಾಜು ಕಳೆದುಕೊಂಡ ಡಾರ್ಸೆಟ್ ಪ್ರಾಂತ್ಯದ ಮಾರ್ಟನ್ ಹಳ್ಳಿಯ ಚರ್ಚಿನ ಕಿಟಕಿಗಳಿಗೆಲ್ಲ ಕೆತ್ತನೆ ಅವರದೇ. ಬಣ್ಣವಿಲ್ಲ, ಬರೀ ಪಾರದರ್ಶಕ ಗಾಜು ಮತ್ತು ಬಿಳಿ. ಇವರ ಕೆಲಸದ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ. ತಮ್ಮ ಕೈಯಲ್ಲಿರುವುದೂ ಅಂಥದೇ ಪೆನ್ನು ಎಂದು ಗೊತ್ತಾದಾಗ ಅವರು ಕೂರುವ ರೀತಿಯೇ ಬದಲಾಗುತ್ತದೆ.

ನಾಲ್ಕನೇ ಹಂತ: ಅಗಲ ಜಾಗವನ್ನು ಮಬ್ಬು ಮಾಡುವುದು

ದೊಡ್ಡ ಆಕಾಶ, ಚಂದ್ರ, ಚೌಕಟ್ಟು ಇಂಥದಕ್ಕೆ ಚುಕ್ಕಿ ಇಟ್ಟು ಮುಗಿಯುವುದಿಲ್ಲ. ವಾಟರ್ ಪೇಪರನ್ನು ಬೆರಳಗಲ ಮಡಿಸಿ, ನೀರಿನಲ್ಲಿ ಅದ್ದಿ, ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿ. ಮೊದಲು 220, ಆಮೇಲೆ ನುಣುಪಿಗೆ 400. ಇದರ ಕಪ್ಪು ಪುಡಿ ಸಿಲಿಕಾನ್ ಕಾರ್ಬೈಡ್, ಗಾಜಿಗಿಂತ ಎಷ್ಟೋ ಗಟ್ಟಿ. ಉಜ್ಜಬಾರದ ಕಡೆ ಎರಡು ಪದರ ಟೇಪು ಅಂಟಿಸಿ, ಅಂಚಿನ ಹತ್ತಿರ ಬಂದಾಗ ಕೈ ನಿಧಾನಿಸಿ. ಅಂಚು ತೀರಾ ಚೂಪಾಗಿ ಬರುವುದಿಲ್ಲ. ಆಮೇಲೆ ಪೆನ್ನಿನಿಂದ ಗೆರೆ ಹಾಕಿದರೆ ಸರಿಹೋಗುತ್ತದೆ.

ನೀರಿದ್ದಾಗ ಉಜ್ಜಿದ ಜಾಗ ಮತ್ತೆ ಪಾರದರ್ಶಕವಾಗಿ ಕಾಣುತ್ತದೆ. ಏನೂ ಆಗಿಲ್ಲವೆಂದು ಹುಡುಗರು ಇನ್ನಷ್ಟು ಒತ್ತುತ್ತಾರೆ. ಗಾಜಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಳತೆ) ಸುಮಾರು 1.5, ನೀರಿನದು 1.33, ಗಾಳಿಯದು 1. ನೀರು ಗುಳಿಗಳಲ್ಲಿ ತುಂಬಿಕೊಂಡಾಗ ಬೆಳಕಿಗೆ ಅಷ್ಟು ದೊಡ್ಡ ವ್ಯತ್ಯಾಸ ಸಿಗದೆ ಹೆಚ್ಚು ಚೆದರದೆ ಹಾದುಹೋಗುತ್ತದೆ. ಒರೆಸಿ ಒಣಗಿಸಿದ ಕೂಡಲೇ ಬಿಳುಪು ಎದ್ದು ಬರುತ್ತದೆ. ಹಾಗಾಗಿ ಅರ್ಧ ನಿಮಿಷಕ್ಕೊಮ್ಮೆ ಒರೆಸಿ ನೋಡುವುದು ಅಭ್ಯಾಸವಾಗಲಿ.

ಧೂಳಿನ ವಿಷಯದಲ್ಲಿ ಒಂದೇ ನಿಯಮ: ಊದಬಾರದು, ಗುಡಿಸಬಾರದು, ಅಂಗೈಯಿಂದ ಸವರಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ನೀರಲ್ಲಿ ಜಾಲಾಡಿಸಿ. ಕೆಲಸದ ನಡುವೆ ಕಣ್ಣುಜ್ಜಬಾರದು, ಮೇಜಿನ ಮೇಲೆ ತಿಂಡಿ ಇಡಬಾರದು.

ಕೈ ಪಳಗಿದ ಮೇಲೆ, ಹದಿನೈದು ದಾಟಿದವರಿಗೆ ತಿರುಗುವ ವಜ್ರದ ಬರ್ (ವಜ್ರದ ಪುಡಿ ಕೂರಿಸಿದ ಸಣ್ಣ ಮೊನೆ) ಇರುವ ಸಣ್ಣ ಯಂತ್ರ ಕೊಡಬಹುದು. ಬ್ಯಾಟರಿಯದ್ದೇ ಇರಲಿ, ಏಕೆಂದರೆ ಮೊನೆ ಬಿಸಿಯಾಗದಂತೆ, ಧೂಳೇಳದಂತೆ ಗಾಜಿನ ಮೇಲೆ ನೀರಿನ ಹನಿ ಇರಬೇಕು. ತಂತಿಯ ಯಂತ್ರ ನೀರಿನ ಹತ್ತಿರ ಬರಕೂಡದು. ಕೂದಲು ಕಟ್ಟಿರಬೇಕು, ತೋಳು ಮಡಚಿರಬೇಕು, ಕನ್ನಡಕ ಮತ್ತು ಮಾಸ್ಕ್ ತೆಗೆಯುವಂತಿಲ್ಲ. ಕೈಯಲ್ಲಿ ಚುಕ್ಕಿ ಕಲಿಯದವರಿಗೆ ಯಂತ್ರ ಕೊಡುವುದನ್ನು ನಾನು ಒಪ್ಪುವುದಿಲ್ಲ. ವೇಗ ಬರುತ್ತದೆ, ಕಣ್ಣು ಬರುವುದಿಲ್ಲ.

ಕ್ರೀಮ್ ಬಳಸಲೇಬೇಕಾದರೆ

ಇಪ್ಪತ್ತು ಜಾಡಿಗಳಿಗೆ ಒಂದೇ ಗುರುತು ಬೇಕು ಎನ್ನುವಂಥ ಸಂದರ್ಭ ಇರುತ್ತದೆ. ಆಗ ಕೆಲಸ ಹಂಚಿಕೊಳ್ಳಿ: ಸ್ಟೆನ್ಸಿಲ್ (ಚಿತ್ರದ ಆಕಾರ ಕತ್ತರಿಸಿ ತೆಗೆದ ಹಾಳೆ) ಕಿರಿಯರದು, ಕ್ರೀಮ್ ಮತ್ತು ತೊಳೆಯುವುದು ದೊಡ್ಡವರದು. ಕ್ರೀಮ್ ಡಬ್ಬಿ ತೆರೆದಿರುವ ಹೊತ್ತಿಗೆ ಕಿರಿಯರು ಆ ಕೋಣೆಯಲ್ಲಿ ಇರಬಾರದು.

ಸ್ಟೆನ್ಸಿಲಿಗೆ ಅಂಟು ಬೆನ್ನಿನ ವಿನೈಲ್ ಹಾಳೆ ಒಳ್ಳೆಯದು. ಅಕ್ಷರ ಕತ್ತರಿಸುವಾಗ ಒಳಗಿನ ದ್ವೀಪಗಳನ್ನು ಮರೆಯಬಾರದು. ‘ವ’, ‘ಮ’ಗಳ ಹೊಟ್ಟೆ, ಅನುಸ್ವಾರದ ನಡುವಿನ ಬೊಟ್ಟು ಇವೆಲ್ಲ ಹೊರಗಿನ ಹಾಳೆಗೆ ಸೇರಿಲ್ಲ, ಕತ್ತರಿಸಿದ ಕೂಡಲೇ ಉದುರುತ್ತವೆ. ಅದಕ್ಕೆ ಹಾಳೆಯನ್ನು ಮೊದಲು ಗಾಜಿಗೆ ಅಂಟಿಸಿ, ಆಮೇಲೆ ಕಟರಿನಿಂದ ಕೊಯ್ದು, ಅಕ್ಷರದ ಭಾಗವನ್ನಷ್ಟೇ ಚಿಮುಟದಿಂದ ಎತ್ತಿ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಲ್ಲ ಕಡೆ ಒತ್ತಿ ಉಜ್ಜಬೇಕು. ಗುಳ್ಳೆ ಉಳಿದರೆ ಕ್ರೀಮ್ ಒಳನುಗ್ಗಿ ಅಂಚು ಹಾಳಾಗುತ್ತದೆ. ಹಾಳೆಯ ಸುತ್ತ ಅಗಲದ ಟೇಪು ಹಾಕಿ. ಗಾಜಿನ ಮೇಲೆ ಬೆರಳಚ್ಚಿನ ಜಿಡ್ಡು ಉಳಿದರೆ ಅದೂ ಚಿತ್ರದಲ್ಲಿ ಕಲೆಯಾಗಿ ಬರುತ್ತದೆ.

ದೊಡ್ಡವರು ದಪ್ಪ ನೈಟ್ರೈಲ್ ಅಥವಾ ನಿಯೋಪ್ರೀನ್ ಕೈಗವಸು, ಪೂರ್ತಿ ಮುಚ್ಚುವ ಕನ್ನಡಕ, ತುಂಬುತೋಳಿನ ಬಟ್ಟೆ ಹಾಕಿಕೊಂಡು, ಕಿಟಕಿ ತೆರೆದಿಟ್ಟು ಕೆಲಸ ಮಾಡಬೇಕು. ಕ್ರೀಮ್ ದಪ್ಪಗೆ, ಸಮನಾಗಿ ಇರಲಿ. ತೆಳ್ಳಗೆ ಎಳೆದರೆ ಪಟ್ಟೆ ಪಟ್ಟೆ ಬರುತ್ತದೆ. ಎಷ್ಟು ಹೊತ್ತು ಎನ್ನುವುದು ಒಂದೊಂದು ಕ್ರೀಮಿಗೆ ಒಂದೊಂದು ಥರ, ಡಬ್ಬಿಯ ಮೇಲೆ ಬರೆದಷ್ಟೇ ಬಿಡಿ. ತೊಳೆಯಲು ಪ್ಲಾಸ್ಟಿಕ್ ಬೋಗುಣಿ ಬೇಕು. ಪಿಂಗಾಣಿ ಸಿಂಕಿನ ಹೊಳಪೂ ಗಾಜೇ, ಕ್ರೀಮ್ ಅದನ್ನೂ ಮಬ್ಬು ಮಾಡುತ್ತದೆ.

ಚರ್ಮಕ್ಕೆ ತಾಗಿದ ಅನುಮಾನ ಬಂದರೂ ಸಾಕು: ತಾಗಿದ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕೂಡಲೇ ತೊಳೆಯಿರಿ, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ತಾಗಿದರೆ ಜೆಲ್ ಹಾಕಬೇಡಿ. ನೀರಿನಲ್ಲಿ ತೊಳೆಯುತ್ತ ಆಸ್ಪತ್ರೆಗೆ ಓಡಿ. ಕ್ರೀಮಿನ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ, ಫ್ಲೋರೈಡ್ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಆ ಜೆಲ್ ಕೈಯಳತೆಯಲ್ಲಿ ಇಲ್ಲದೆ ಡಬ್ಬಿಯ ಮುಚ್ಚಳ ತೆರೆಯಬೇಡಿ.

ಮುಗಿದ ಮೇಲೆ

ಕೈಯಲ್ಲಿ ಕೆತ್ತಿದ ಗಾಜನ್ನು ಸಾಬೂನು ನೀರು ಮತ್ತು ಮೆದು ಬ್ರಷ್‌ನಿಂದ ತೊಳೆದು, ಗುಳಿಗಳಲ್ಲಿ ಕೂತ ಪುಡಿಯನ್ನು ಪೂರ್ತಿ ತೆಗೆಯಿರಿ. ಚಪ್ಪಟೆ ತುಂಡನ್ನು ನಿಲ್ಲಿಸಿ, ಹಿಂದೆ ಒಂದಿಷ್ಟು ದೂರದಲ್ಲಿ ಕಪ್ಪು ಹಲಗೆ ಇಟ್ಟು, ಕೆಳಗಿನ ಅಂಚಿಗೆ ಸಣ್ಣ ಎಲ್‌ಇಡಿ ಪಟ್ಟಿ ತಾಗಿಸಿ ನೋಡಿ. ಬೆಳಕು ಗಾಜಿನ ಒಳಗೇ ಹರಿದು, ಕೆತ್ತಿದ ಕಡೆ ಮಾತ್ರ ಹೊರಬರುತ್ತದೆ. ಮುಂದಿನ ಚಿತ್ರದಲ್ಲಿ ಎಲ್ಲಿ ಚುಕ್ಕಿ ಕಡಿಮೆ ಮಾಡಬೇಕು ಎನ್ನುವುದು ಆ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪೆನ್ನುಗಳನ್ನು ಎಣಿಸಿ, ಮೊನೆಗೆ ಟೋಪಿ ಹಾಕಿ ಎತ್ತಿಡಿ. ಒಡೆದ ಚೂರುಗಳ ಡಬ್ಬಿಗೆ ಟೇಪು ಸುತ್ತಿ, ಒಳಗೆ ಗಾಜಿದೆ ಎಂದು ಮೇಲೆ ದೊಡ್ಡದಾಗಿ ಬರೆದು ಕಸಕ್ಕೆ ಕೊಡಿ.